ನೆಲದ ಮೇಲಿನ ಹಳದಿ ಪಟ್ಟಿ

ಏಪ್ರಿಲ್ 1, ಸೋಮವಾರ

ಕಚೇರಿಗೆ ಇವತ್ತು ಹೊಸ ವರ್ಷ. ಹೊಸದೆಂದು ಬಂದಿದ್ದು ಎರಡೇ: ಕೊರಳಿಗೆ ಟ್ಯಾಗು, ನೆಲಕ್ಕೆ ಪಟ್ಟಿ.

ನಮ್ಮ ಅನಿಮೇಷನ್ ಸ್ಟುಡಿಯೋದ ಮೂವತ್ತೊಂದು ಜನರಲ್ಲಿ ಒಂಬತ್ತು ಜನ ಮಾತ್ರ ಇನ್ನು ಕಂಪನಿಯವರು. ಉಳಿದ ಇಪ್ಪತ್ತೆರಡು ಜನ ನಿನ್ನೆಯವರೆಗೆ ವರ್ಷ ವರ್ಷ ಸಹಿ ಹಾಕಿ ನಮ್ಮಲ್ಲೇ ಇದ್ದವರು, ಇವತ್ತಿನಿಂದ ಹಿರುಕಾವ ಎಂಬುವರ ಗುತ್ತಿಗೆ ಸಂಸ್ಥೆಯ ಜನ. ಕೂರುವ ಕುರ್ಚಿ ಅದೇ, ಬಳಿಯುವ ಬಣ್ಣ ಅದೇ, ಚಹಾದ ಕೆಟಲಿನ ಮುಂದೆ ನಿಲ್ಲುವ ಸಾಲೂ ಅದೇ. ನಮ್ಮ ಟ್ಯಾಗು ನೀಲಿ, ಅವರದು ಬೂದು ಎಂದರು. ನನಗೆ ಎರಡೂ ಒಂದೇ ಕಂಡವು. ಅಗ್ಗದ ಮಾಲು ತಂದಿರಬೇಕು.

ವಿಭಾಗದ ಮುಖ್ಯಸ್ಥ ತಾನಿಮೊತೊ ಇಪ್ಪತ್ತೊಂಬತ್ತು ವರ್ಷದ ಹಿಂದೆ ನನ್ನ ಜೊತೆಗೇ, ಅದೇ ದಿನ ಸೇರಿದವನು. ಸಭೆಯಲ್ಲಿ ಕಾಗದ ಹಿಡಿದು ಓದಿದ.

“ಇನ್ಮೇಲೆ ಅವರಿಗೆ ನಾವು ನೇರವಾಗಿ ಕೆಲಸ ಹೇಳೋ ಹಾಗಿಲ್ಲ. ಏನಾದ್ರೂ ತಿದ್ದೋದಿದ್ರೆ ಬರೆದು ಹಿರುಕಾವ-ಸಾನ್‌ಗೆ ಕಳಿಸಿ. ಅವರು ಮಂಗಳವಾರ, ಶುಕ್ರವಾರ ಬಂದು ಅವರ ಜನಕ್ಕೆ ಹೇಳ್ತಾರೆ.”

“ಪಕ್ಕದಲ್ಲೇ ಕೂತಿರೋಳಿಗೂನಾ?” ಎಂದೆ.

“ಪಕ್ಕದಲ್ಲಿ ಕೂತಿರೋರಿಗೇ. ನಾವೇ ಕೆಲಸ ಹೇಳಿದ್ರೆ ಅದು ಗುತ್ತಿಗೆ ಅಲ್ಲ, ಗುತ್ತಿಗೆ ವೇಷ ಅಂತಾರೆ. ಕಾರ್ಮಿಕ ಇಲಾಖೆಯವರು ಬಂದು ಬಾಗಿಲಲ್ಲಿ ನಿಲ್ತಾರೆ.”

“ಅವಳಿಗೆ ಕೆಮ್ಮು ಬಂದ್ರೂ ಹಿರುಕಾವ-ಸಾನ್‌ಗೇ ಬರೆದು ಕಳಿಸ್ಬೇಕಾ?”

ಎಲ್ಲರೂ ನಕ್ಕರು. ತಾನಿಮೊತೊನೂ ನಕ್ಕ.

ಪಕ್ಕದ ಮೇಜಿನ ಇನೊಮತಳಿಗೆ ನಿಜಕ್ಕೂ ಕೆಮ್ಮು. ಏಪ್ರಿಲ್ ಬಂತೆಂದರೆ ಮರಗಳ ಹೂಧೂಳು ಅವಳನ್ನು ಬಿಡುವುದಿಲ್ಲ. ಸಭೆ ಮುಗಿದ ಮೇಲೆ ಚೀಲದಿಂದ ಅಮೆ-ಚಾನ್ ತೆಗೆದು ಅವಳ ಕೈಗಿಟ್ಟೆ. ದೊಡ್ಡವರ ಹೆಸರಿಗೆ ಮರ್ಯಾದೆಯ ‘ಸಾನ್’ ಸೇರಿಸುವ ಹಾಗೆ ಸಕ್ಕರೆ ಮಿಠಾಯಿಗೂ ‘ಚಾನ್’ ಸೇರಿಸಿ ಮಗುವಿನ ಹಾಗೆ ಕರೆಯುವ ಊರು ನಮ್ಮ ಒಸಾಕಾ. ಐವತ್ತು ದಾಟಿದ ಹೆಂಗಸಿನ ಚೀಲದಲ್ಲಿ ಅಮೆ-ಚಾನ್ ಇಲ್ಲವೆಂದರೆ ಅವಳು ಟೋಕಿಯೋದವಳೇ ಇರಬೇಕು.

ಕೊಡುವ ಭರದಲ್ಲಿ, ಅವರನ್ನೂ ನಮ್ಮನ್ನೂ ಬೇರೆ ಮಾಡಲು ನೆಲಕ್ಕೆ ಅಂಟಿಸಿದ ಪಟ್ಟಿ ದಾಟಿದೆನಂತೆ. ತಾನಿಮೊತೊ ದೂರದಿಂದಲೇ ಕಣ್ಣು ಬಿಟ್ಟ. ಕೆಳಗೆ ನೋಡಿದೆ, ಏನೂ ಕಾಣಲಿಲ್ಲ. ಬಗ್ಗಿ ಬೆರಳಿನಿಂದ ಸವರಿದಾಗ ಅಂಚು ಸಿಕ್ಕಿತು. ಹಳದಿ ಪಟ್ಟಿಯಂತೆ. ಕೆನೆ ಬಣ್ಣದ ನೆಲಕ್ಕೆ ಹಳದಿ ಅಂಟಿಸುವ ಬುದ್ಧಿ ಬಣ್ಣದಲ್ಲೇ ಬದುಕುವ ಕಂಪನಿಗೆ ಹೇಗೆ ಬಂತೋ. ನಾನು ಸವರುವುದನ್ನು ಇನೊಮತ ಬಾಯಲ್ಲಿ ಮಿಠಾಯಿ ಇಟ್ಟುಕೊಂಡು ನೋಡುತ್ತಿದ್ದಳು.

ಏಪ್ರಿಲ್ 12, ಶುಕ್ರವಾರ

ಇವತ್ತು ನನ್ನ ಪಿತ್ತ ನೆತ್ತಿಗೇರಿತು.

ಬಾಗಿಲ ಹತ್ತಿರದಿಂದ ಯಾರೋ “ಗುತ್ತಿಗೆ-ಸಾನ್, ಮುದ್ರಣ ಯಂತ್ರ ಖಾಲಿ ಇದೆಯಾ” ಎಂದು ಕೂಗಿದರು. ಏಳು ಜನ ಒಟ್ಟಿಗೆ ತಲೆ ಎತ್ತಿದರು. ಅವರಲ್ಲಿ ಇನೊಮತಳೂ ಒಬ್ಬಳು. ಆರು ವರ್ಷ ನನ್ನ ಪಕ್ಕ ಕೂತವಳು ಅವಳು. ಬಂದಾಗ ಕಡಲಿನ ನೀಲಿಗೂ ಸಮವಸ್ತ್ರದ ನೀಲಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ನಾನೇ ಕೂರಿಸಿ ಕಲಿಸಿದೆ. ಈಗ ಚಿತ್ರದ ಆಕಾಶ ನೋಡಿದರೆ ಅಲ್ಲಿ ಎಷ್ಟು ಗಂಟೆಯಾಗಿದೆ ಎಂದು ಹೇಳುತ್ತಾಳೆ.

ತಾನಿಮೊತೊನ ಮೇಜಿಗೆ ಹೋಗಿ ಕೇಳಿದೆ. “ಹೆಸರಿಲ್ವಾ ಅವರಿಗೆ?”

“ಕುವಾಬಾರ, ಮೆಲ್ಲಗೆ. ಹೆಸರು ಹಿಡಿದು ಕರೆದ್ರೆ ಆ ಒಬ್ಬರಿಗೇ ಕೆಲಸ ಹೇಳ್ದ ಹಾಗಾಗುತ್ತಂತೆ. ಯಾರು ಬಂದು ಕೂತ್ರೂ ನಡಿಯುತ್ತೆ ಅನ್ನೋ ಹಾಗಿರ್ಬೇಕಂತೆ ಕಾಗದದಲ್ಲಿ.”

“ನಮ್ಮೂರಲ್ಲಿ ಮಿಠಾಯಿಗೇ ಮರ್ಯಾದೆ ಕೊಡ್ತೀವಿ ಕಣೋ.”

“ನನ್ ಹತ್ರ ಜಗಳ ಆಡ್ಬೇಡ. ನಾನು ಓದೋನು ಮಾತ್ರ, ಬರ್ಯೋನಲ್ಲ.”

ಅವನು ಓದಲಿ. ಈ ಪುಸ್ತಕದಲ್ಲಿ ನಾನೇ ಬರೆದು ಇಡುತ್ತೇನೆ: ನನ್ನ ಬಾಯಿಂದ ಆ ಶಬ್ದ ಬಂದ ದಿನ ನನ್ನ ನಾಲಿಗೆ ಬಿದ್ದುಹೋಗಲಿ.

ಮೇ 8, ಬುಧವಾರ

ಮಧ್ಯಾಹ್ನ ಏನೋ ಕಳೆದುಹೋದ ಹಾಗೆ ಅನ್ನಿಸಿತು. ಚೀಲ ನೋಡಿದೆ, ಕೊಡೆ ನೋಡಿದೆ. ಆಮೇಲೆ ಹೊಳೆಯಿತು. ಇವತ್ತು ಯಾರೂ “ಕೆಸರು” ಎಂದು ಕೂಗಲಿಲ್ಲ.

ಅದು ನಮ್ಮಲ್ಲಿ ಮೊದಲಿನಿಂದಲೂ ಇರುವ ಪದ್ಧತಿ. ಯಾರ ಪರದೆಯಲ್ಲೇ ಆಗಲಿ, ಬಣ್ಣ ಕೆಟ್ಟಿದ್ದು ಕಂಡರೆ ಹಿಂದೆ ಹಾದುಹೋಗುವವರು “ಕೆಸರು” ಎನ್ನಬೇಕು. ದೊಡ್ಡವರು ಚಿಕ್ಕವರು ಎಂಬ ಭೇದವಿಲ್ಲ. ನಾನೇ ಎಷ್ಟು ಸಲ ಅನ್ನಿಸಿಕೊಂಡಿದ್ದೇನೆ. ಸೇರಿದ ಮೊದಲ ವಾರ ಇನೊಮತ, ಕುವಾಬಾರ ಎಂಬ ಮನೆತನದ ಹೆಸರು ಬಿಟ್ಟು ನನ್ನ ಹೆಸರನ್ನೇ ಹಿಡಿದು, ನಡುಗುವ ದನಿಯಲ್ಲಿ “ಚಿಜುರು-ಸಾನ್, ಕೆಸರು” ಎಂದಾಗ ಇಡೀ ಕೋಣೆ ಚಪ್ಪಾಳೆ ತಟ್ಟಿತ್ತು, ಮತ್ತು ಅವಳು ಹೇಳಿದ್ದು ಸರಿಯಿತ್ತು.

ಈಗ ಪಟ್ಟಿಯ ಆಚೆಗೆ ಕೂಗಿದರೆ ಅದು ಕೆಲಸ ಹೇಳಿದಂತೆ. ಆಚೆಯವರು ಈಚೆಗೆ ಕೂಗಿದರೆ ಅಧಿಕಪ್ರಸಂಗ. ಹೀಗಾಗಿ ನಾವು ಒಂಬತ್ತು ಜನವೂ ನಮ್ಮ ನಮ್ಮೊಳಗೆ ಕೂಗುವುದನ್ನು ಬಿಟ್ಟಿದ್ದೇವೆ. ಕೋಣೆಯಲ್ಲಿ ಕೀಬೋರ್ಡಿನ ಗುಂಡಿ ಒತ್ತುವ ಸದ್ದು ಬಿಟ್ಟರೆ ಏನೂ ಇಲ್ಲ. ನನ್ನ ಕೆಲಸ ಕೊನೆಯ ತಪಾಸಣೆ. ನನ್ನ ನಂತರ ನೋಡುವವರು ಯಾರೂ ಇಲ್ಲ ಎಂಬುದು ಇವತ್ತು ಯಾಕೋ ಎದೆಗೆ ಭಾರವಾಯಿತು.

ಮೇ 20, ಸೋಮವಾರ

ನಾನು ಮನೆಗೆ ಹೋಗುವ ಸುರಂಗ ರೈಲಿನ ದಾರಿಗೆ ಫಲಕಗಳಲ್ಲಿ ನೇರಳೆ ಬಣ್ಣ. ಮಿನಾಮಿ-ಮೊರಿಮಾಚಿಯಲ್ಲಿ ಇನ್ನೊಂದು ದಾರಿ ಅಡ್ಡ ಬರುತ್ತದೆ, ಅದು ಕಂದು. ಇಪ್ಪತ್ತೊಂಬತ್ತು ವರ್ಷ ನೇರಳೆಯ ಬೆನ್ನು ಹಿಡಿದು ಹೋದವಳು ಇವತ್ತು ಕಂದಿನಲ್ಲಿ ಹತ್ತಿ ಎಲ್ಲೋ ಇಳಿದೆ. ಮತ್ತೆ ಬಂದು ಫಲಕದ ಕೆಳಗೆ ನಿಂತು ನೋಡಿದೆ. ಎರಡೂ ಕಂದು.

ದೀಪ ಸರಿಯಿಲ್ಲ ಎಂದುಕೊಂಡೆ. ದೀಪ ಚೆನ್ನಾಗಿಯೇ ಇತ್ತು.

ಮೇ 25, ಶನಿವಾರ

ನಮ್ಮ ಬಡಾವಣೆಯ ಕಣ್ಣಿನ ವೈದ್ಯರ ಬಳಿ ಹೋಗಲಿಲ್ಲ. ಎರಡು ರೈಲು ಬದಲಿಸಿ, ಗುರುತಿನವರು ಸಿಗದ ಕಡೆ ಹೋದೆ.

“ಏನು ಕೆಲಸ ಮಾಡ್ತೀರಿ?” ವೈದ್ಯೆ ಕೇಳಿದರು.

“ಹೂವಿನ ಅಂಗಡಿ.” ಯಾಕೆ ಸುಳ್ಳು ಹೇಳಿದೆನೋ, ಬಾಯಿಗೆ ಬಂತು.

“ಹಾಗಾದ್ರೆ ಗಿರಾಕಿಗಳ ಹತ್ರ ಬೈಸ್ಕೊಂಡಿರ್ತೀರಿ. ಪೊರೆ ಬಂದಿದೆ. ಒಳಗಿನ ಮಸೂರ ಕುದಿಸಿದ ಚಹಾದ ಬಣ್ಣಕ್ಕೆ ತಿರುಗಿದೆ. ಬಿಳಿ ಯಾವುದು ತಿಳಿಹಳದಿ ಯಾವುದು, ನೀಲಿ ಯಾವುದು ಬೂದು ಯಾವುದು, ನಿಮಗೆ ಗೊತ್ತಾಗ್ತಿರೋಕೆ ಸಾಧ್ಯ ಇಲ್ಲ. ಐವತ್ನಾಲ್ಕಕ್ಕೆ ಸ್ವಲ್ಪ ಬೇಗ ಬಂತು ಅಷ್ಟೆ. ಯಾರೂ ಹೇಳ್ಲಿಲ್ವಾ?”

“ಈಗೀಗ ಯಾರೂ ಏನೂ ಹೇಳಲ್ಲ.”

ಶಸ್ತ್ರಚಿಕಿತ್ಸೆ ದೊಡ್ಡದೇನಲ್ಲವಂತೆ. ಅದೇ ದಿನ ಮನೆಗೆ ಬರಬಹುದು. ಎರಡು ವಾರ ಸೂಕ್ಷ್ಮದ ಕೆಲಸ ಮಾತ್ರ ಬೇಡ, ಕಚೇರಿಗೆ ಚೀಟಿ ಬರೆದುಕೊಡುತ್ತೇನೆ ಎಂದರು.

ಚೀಟಿ ಬೇಡ ಎಂದು ಎದ್ದು ಬಂದೆ. ಚೀಟಿಯಲ್ಲಿ ಕಣ್ಣು ಎಂದು ಬರೆದಿರುತ್ತದೆ. ಬಣ್ಣ ತಪಾಸಣೆಯವಳ ಕಣ್ಣು. ಮುಂದಿನ ಏಪ್ರಿಲ್‌ಗೆ ತಪಾಸಣೆಯನ್ನೂ ಹೊರಗೆ ಕೊಟ್ಟರೆ ಹೇಗೆ ಎಂದು ಮೇಲಿನವರು ಕೇಳುತ್ತಿದ್ದಾರೆ ಎಂದು ತಾನಿಮೊತೊ ಹೋದ ವಾರವಷ್ಟೇ ಹೇಳಿದ್ದ. ಅವರಿಗೆ ಬೇಕಿರುವುದು ಒಂದು ಕಾರಣ. ಆ ಕಾರಣವನ್ನು ನಾನೇ ಮುಖದ ಮೇಲೆ ಹೊತ್ತು ತಿರುಗುತ್ತಿದ್ದೇನೆ.

ಉಪಾಯ ಹೊಳೆದಿದೆ. ಪ್ರತಿ ಬಣ್ಣಕ್ಕೂ ಅಂಕಿ ಇದೆ. ಕಣ್ಣಿನ ಬದಲು ಅಂಕಿ ನೋಡಿದರಾಯಿತು. ಈಗ ಮಾಡುತ್ತಿರುವ ಧಾರಾವಾಹಿ ಮುಗಿಯುವವರೆಗೆ ದೂಡಬೇಕು.

ಜೂನ್ 13, ಗುರುವಾರ

ಯಾರಿಗೋ ಗೊತ್ತಾಗಿದೆ.

ತಪಾಸಣೆಯ ಮೇಜಿನ ಮೇಲೆ ಬಣ್ಣದ ಬಿಲ್ಲೆಗಳ ಪೆಟ್ಟಿಗೆ ಇರುತ್ತದೆ. ನೂರ ಹನ್ನೆರಡು ರಟ್ಟಿನ ತುಂಡುಗಳು, ಒಂದೊಂದಕ್ಕೂ ಒಂದೊಂದು ಅಂಕಿ. ಇವತ್ತು ಒಂದನ್ನು ತಿರುಗಿಸಿದರೆ ಬೆನ್ನಿಗೆ ಪೆನ್ಸಿಲಿನಲ್ಲಿ ಸಣ್ಣಗೆ ಬರೆದಿತ್ತು: ‘ಇದು ಬೆಳ್ಳಿ. ಬಿಳಿ ಅಲ್ಲ.’

ಸುತ್ತ ನೋಡಿದೆ. ಯಾರೂ ನನ್ನತ್ತ ನೋಡುತ್ತಿರಲಿಲ್ಲ, ಅದೇ ಇನ್ನಷ್ಟು ಹೆದರಿಸಿತು. ನನ್ನನ್ನು ಪರೀಕ್ಷಿಸಲು ಇಟ್ಟ ಬಲೆಯೋ? ಮೇಲಿನವರ ಕೆಲಸವೋ? ಅಕ್ಷರ ಯಾರದೆಂದು ದಿಟ್ಟಿಸಲು ಹೋಗಲಿಲ್ಲ. ದಿಟ್ಟಿಸಿದರೆ ಗೊತ್ತಾಗಿಬಿಡುತ್ತದೆ, ಗೊತ್ತಾದರೆ ಏನಾದರೂ ಮಾಡಬೇಕಾಗುತ್ತದೆ. ರಬ್ಬರಿನಿಂದ ಉಜ್ಜಿದೆ. ಉಳಿದ ಬಿಲ್ಲೆಗಳನ್ನು ತಿರುಗಿಸುವ ಧೈರ್ಯ ಬರಲಿಲ್ಲ.

ಸಂಜೆ ಹೊರಡುವಾಗ ಇನೊಮತ “ನಾಳೆ ಸಿಗೋಣ” ಎಂದಳು. ಹೂಂ ಎಂದೆ. ಅಮೆ-ಚಾನ್ ಕೊಡಲು ಕೈ ಹೋಗಲಿಲ್ಲ. ಯಾರು ಏನು ಬರೆದುಕೊಳ್ಳುತ್ತಾರೋ ಹೇಳಲಾಗದು.

ಜೂನ್ 14, ಶುಕ್ರವಾರ

ಇವತ್ತು ಪೆಟ್ಟಿಗೆಯನ್ನು ಮುಟ್ಟಲಿಲ್ಲ. ಅಂಕಿ ಸಾಕು.

ಜುಲೈ 3, ಬುಧವಾರ

ಬಂದರಿನ ಊರಿನ ಹುಡುಗಿಯ ಕಥೆ ನಮ್ಮ ಧಾರಾವಾಹಿ. ಒಂಬತ್ತನೆಯ ಕಂತಿನಲ್ಲಿ ಅವಳ ಚಿಕ್ಕಮ್ಮನ ಮದುವೆ. ಅಜ್ಜಿ ಮದುಮಗಳ ಕೈಗೆ ಉಡುಗೊರೆಯ ಲಕೋಟೆ ಕೊಡುತ್ತಾಳೆ, ಪರದೆ ತುಂಬ ಆ ಲಕೋಟೆ, ಅದಕ್ಕೆ ಕಟ್ಟಿದ ಚಿನ್ನ ಬೆಳ್ಳಿಯ ದಾರ.

ದಾರದ ಬಣ್ಣ ಇನೊಮತ ಹೊಸದಾಗಿ ಕಲಸಿದ್ದು. ಹಾಗಾಗಿ ಅದಕ್ಕೆ ಇನ್ನೂ ಅಂಕಿ ಇರಲಿಲ್ಲ. ಕಣ್ಣನ್ನೇ ನಂಬಬೇಕಾಯಿತು. ನನಗೆ ಬೆಳ್ಳಿಯ ದಾರ ಪಾತ್ರೆ ತೊಳೆದ ನೀರಿನಂತೆ ಕಂಡಿತು, ಚಿನ್ನ ನೆನೆದ ಗೋಣಿಯಂತೆ. ನಾಳೆ ಮಧ್ಯಾಹ್ನ ವಾಹಿನಿಗೆ ಕೊಡಬೇಕು. ಹಿರುಕಾವ-ಸಾನ್ ಬರುವುದು ನಾಡಿದ್ದು. ಬರೆದು ಕಳಿಸಿದರೆ ಅವರು ಹತ್ತು ಜನರನ್ನು ಕೇಳುತ್ತಾರೆ, ಹತ್ತು ಜನರೂ ಆ ದಾರವನ್ನು ನೋಡುತ್ತಾರೆ.

ತಾನಿಮೊತೊ ಊಟಕ್ಕೆ ಹೋಗುವವರೆಗೆ ಕಾದೆ. ಆಮೇಲೆ ಪಟ್ಟಿ ಇರಬಹುದಾದ ಕಡೆ ನಿಂತು ಬಗ್ಗಿ ಹೇಳಿದೆ.

“ಇನೊಮತ, ಬೆಳ್ಳಿ ಮಾಸಿದೆ. ಬಿಳುಪು ಮಾಡು. ಚಿನ್ನಾನೂ ತಿಳಿ ಮಾಡು.”

ಅವಳು ತಿರುಗಿದಳು. “ಇದನ್ನಾ? ಚಿಜುರು-ಸಾನ್, ಇನ್ನೊಂದ್ಸಲ ಬಿಲ್ಲೆ ಇಟ್ಟು ನೋಡ್ತೀರಾ?”

“ನಿಂಗೆ ಕಲಿಸಿದ್ದು ಯಾರು?”

“ನೀವೇ.”

“ಹಾಗಾದ್ರೆ ಹೇಳ್ದಷ್ಟು ಮಾಡು.”

ಅವಳ ಬಾಯಿ ತೆರೆಯಿತು. ‘ಕೆಸರು’ ಎಂಬ ಶಬ್ದ ಅಲ್ಲೇ ನಾಲಿಗೆಯ ತುದಿಯಲ್ಲಿತ್ತು, ನನಗೆ ಗೊತ್ತು. ಅವಳು ನೆಲದತ್ತ ನೋಡಿದಳು, ತಾನಿಮೊತೊನ ಖಾಲಿ ಕುರ್ಚಿಯತ್ತ ನೋಡಿದಳು. ಆಮೇಲೆ ನನ್ನ ಕಣ್ಣನ್ನೇ ನೋಡಿದಳು, ಸ್ವಲ್ಪ ಹೆಚ್ಚೇ ಹೊತ್ತು.

“ಆಯ್ತು,” ಎಂದಳು.

ಬಿಳುಪಾದ ಮೇಲೆ ಚೆನ್ನಾಗಿ ಕಂಡಿತು. ತಪಾಸಣೆಯ ಖಾನೆಯಲ್ಲಿ ಸರಿ ಎಂದು ಗುರುತು ಹಾಕಿದೆ.

ಆಗಸ್ಟ್ 19, ಸೋಮವಾರ

ನಿನ್ನೆ ಬೆಳಿಗ್ಗೆ ಒಂಬತ್ತನೆಯ ಕಂತು ಪ್ರಸಾರವಾಯಿತು. ಮನೆಯಲ್ಲಿ ನಾನೂ ನೋಡಿದೆ. ಅಜ್ಜಿ ಲಕೋಟೆ ಕೊಡುವ ದೃಶ್ಯ ಸೊಗಸಾಗಿದೆ ಎಂದುಕೊಂಡು ಇನ್ನೊಂದು ಲೋಟ ಚಹಾ ಕುಡಿದೆ.

ಇವತ್ತು ಕಚೇರಿಗೆ ಬಂದರೆ ಫೋನು ಬಡಿದುಕೊಳ್ಳುತ್ತಿದೆ. ಒಂದು ಕರೆ ನನ್ನ ಕೈಗೇ ಬಂತು. ಸಕಾಯಿ ಕಡೆಯ ಮುದುಕಿ.

“ಏನಮ್ಮಾ, ನಿಮ್ಮ ಮನೆಗಳಲ್ಲಿ ಮದುವೆ ಹೆಣ್ಣಿಗೆ ಸಾವಿನ ಮನೆ ಲಕೋಟೆ ಕೊಡ್ತೀರೇನು? ಹಳದಿ ಬಿಳಿ ದಾರ ಕಟ್ಟಿ? ನಮ್ಮ ಮೊಮ್ಮಗಳ ಮದುವೆ ಬರೋ ತಿಂಗಳು. ಅದೂ ಕೂತು ನೋಡ್ತಿತ್ತು.”

“ಕ್ಷಮಿಸಿ” ಎಂದೆ. ಮತ್ತೆ ಮತ್ತೆ ಎಂದೆ. ಫೋನಿಗೆ ತಲೆ ಬಾಗಿಸಿ ಬಾಗಿಸಿ ಕತ್ತು ನೋಯಿತು.

ಚಿನ್ನ ಬೆಳ್ಳಿ ಮದುವೆಗೆ. ಹಳದಿ ಬಿಳಿ ತಿಥಿಗೆ. ಈ ಸೀಮೆಯಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತಿರುವ ವಿಷಯ. ಬೆಳ್ಳಿಯನ್ನು ಬಿಳಿ ಮಾಡಿಸಿದವಳು ನಾನು, ಚಿನ್ನವನ್ನು ಹಳದಿ ಮಾಡಿಸಿದವಳೂ ನಾನು. ನನ್ನ ಕಣ್ಣಿಗೆ ಅದು ಈಗಲೂ ಮದುವೆಯ ಲಕೋಟೆಯೇ.

ಇನೊಮತ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ತಿರುಗಲಿಲ್ಲ. ತಿರುಗಿದ್ದರೆ ನಾನು ಏನು ಮಾಡುತ್ತಿದ್ದೆನೋ. ಊಟ ಸೇರಲಿಲ್ಲ.

ಆಗಸ್ಟ್ 22, ಗುರುವಾರ

ತಾನಿಮೊತೊ ಸಭೆಯ ಕೋಣೆಗೆ ಕರೆದ. ಮೇಜಿನ ಮೇಲೆ ಒಂದು ಕಾಗದ, ಕೆಂಪು ಮಸಿಯ ಡಬ್ಬಿ.

“ಕುವಾಬಾರ-ಸಾನ್, ಕೂತ್ಕೊಳ್ಳಿ,” ಎಂದ. ಇಪ್ಪತ್ತೊಂಬತ್ತು ವರ್ಷದಲ್ಲಿ ಅವನು ನನಗೆ ಸಾನ್ ಎಂದದ್ದು ಇದೇ ಮೊದಲು.

“ಆ ದಾರದ ಬಗ್ಗೆ ನೀವು ಅವರಿಗೆ ಏನಾದ್ರೂ ಹೇಳಿದ್ರಾ? ಉತ್ತರ ಕೊಡೋ ಮುಂಚೆ ಯೋಚ್ನೆ ಮಾಡಿ. ಹೇಳಿದೀನಿ ಅಂದ್ರೆ ಗುತ್ತಿಗೆ ವೇಷ ಅಂತ ಕಂಪನಿ ಮೇಲೇ ಬರುತ್ತೆ. ಇಲಾಖೆಯವರು ಬಂದ್ರೆ ಇಪ್ಪತ್ತೆರಡು ಜನರ ಒಪ್ಪಂದಾನೂ ನಿಲ್ಲುತ್ತೆ. ಹೇಳಿಲ್ಲ ಅಂದ್ರೆ ಒಬ್ಬರದು ಮಾತ್ರ.”

“ಒಬ್ಬರದು ಅಂದ್ರೆ?”

“ಸೆಪ್ಟೆಂಬರ್ ಕೊನೆಗೆ ಆರು ತಿಂಗಳ ಒಪ್ಪಂದ ಮುಗಿಯುತ್ತಲ್ಲ, ಹಿರುಕಾವ-ಸಾನ್ ಅದನ್ನ ಮುಂದುವರಿಸಲ್ಲ. 
ಅಷ್ಟೆ. ಕೆಲಸದಿಂದ ತೆಗೆಯೋದು ಅಲ್ಲ, ಮುಗಿಯೋದು.”

“ಅವಳನ್ನ ಯಾರಾದ್ರೂ ಕೇಳಿದ್ರಾ?”

“ನಾವು ಹೇಗೆ ಕೇಳೋದು? ನೇರವಾಗಿ ಮಾತಾಡೋ ಹಾಗಿಲ್ವಲ್ಲ.”

ಕಾಗದದಲ್ಲಿ ಹೀಗಿತ್ತು: ‘ಕಂಪನಿಯ ಕಡೆಯಿಂದ ಯಾವುದೇ ನೇರ ಸೂಚನೆ ನೀಡಿರುವುದಿಲ್ಲ. ತಪಾಸಣೆಯ ನಂತರ ಗುತ್ತಿಗೆಯವರು ಸ್ವಂತ ನಿರ್ಧಾರದಿಂದ ಬಣ್ಣ ಬದಲಿಸಿರುತ್ತಾರೆ.’ ಕೆಳಗೆ ಸಹಿಯ ಬದಲಿಗೆ ಒತ್ತುವ ಹೆಸರಿನ ಮುದ್ರೆ, ತಾನಿಮೊತೊನದು, ಆಗಲೇ ಇತ್ತು. ಪಕ್ಕದ ಖಾನೆ ನನ್ನದು.

ನಾನೇ ಹೇಳಿದ್ದು ಎನ್ನಬೇಕು. ಎಂದರೆ ಯಾಕೆ ಹೇಳಿದಿರಿ ಎಂದು ಕೇಳುತ್ತಾರೆ. ಮಾಸಿ ಕಂಡಿತು ಎನ್ನಬೇಕು. ಮಾಸಿ ಕಂಡದ್ದು ಯಾಕೆ ಎಂದರೆ ಕಣ್ಣು. ಮೂರೇ ಮೆಟ್ಟಿಲು, ಮೂರನೆಯದರಲ್ಲಿ ನಾನಿಲ್ಲ. ಇಪ್ಪತ್ತೆರಡು ಜನರ ಮಾತನ್ನು ತಾನಿಮೊತೊ ಹೇಳಿದ್ದೂ ಸುಳ್ಳಲ್ಲವಲ್ಲ, ಅವರಿಗೂ ಮನೆ ಮಠ ಇದೆ.

ಮುದ್ರೆ ಒತ್ತಿದೆ. ಬ್ಯಾಂಕುಗಳಲ್ಲಿ ಕೈ ಕೆಳಗಿನವರು ತಮ್ಮ ಮುದ್ರೆಯನ್ನು ಮೇಲಿನವರ ಮುದ್ರೆಯ ಕಡೆಗೆ ವಾಲಿಸಿ ಒತ್ತುತ್ತಾರೆ, ನಮಸ್ಕಾರ ಮಾಡಿದಂತೆ ಕಾಣಲೆಂದು. ಅದನ್ನು ಕೇಳಿ ನಾವಿಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದೆವು ಒಂದು ಕಾಲದಲ್ಲಿ. ಇವತ್ತು ಕೈ ತೆಗೆದು ನೋಡಿದರೆ, ನನ್ನದು ಅವನ ಕಡೆಗೆ ವಾಲಿತ್ತು.

“ಒಳ್ಳೇದಾಯ್ತು,” ಎಂದರು ತಾನಿಮೊತೊ-ಸಾನ್.

ಆಗಸ್ಟ್ 23, ಶುಕ್ರವಾರ

ಯಾರೂ ಏನೂ ಕೇಳಲಿಲ್ಲ.

ಸೆಪ್ಟೆಂಬರ್ 30, ಸೋಮವಾರ

ಅವಳ ಕೊನೆಯ ದಿನ. ಮೊದಲಾಗಿದ್ದರೆ ಹೂಗುಚ್ಛ, ಎಲ್ಲರ ಸಹಿ ಇರುವ ರಟ್ಟು, ಸಂಜೆ ಒಟ್ಟಿಗೆ ಊಟ. ಗುತ್ತಿಗೆಯವರಿಗೆ ನಾವು ಬೀಳ್ಕೊಡುಗೆ ಮಾಡಬಹುದೇ ಎಂದು ಯಾರೋ ಕೇಳಿದ್ದಕ್ಕೆ ಬರೆದು ಕೇಳಬೇಕು ಎಂದರಂತೆ. ಯಾರೂ ಬರೆದಿಲ್ಲ.

ಆರು ವರ್ಷದ ಸಾಮಾನು ಒಂದು ಕಾಗದದ ಚೀಲಕ್ಕೆ ಹಿಡಿಸಿತು. ಚೀಲ ಹಿಡಿದು ಅವಳು ನೇರವಾಗಿ ನನ್ನ ಮೇಜಿಗೆ ಬಂದಳು. ಪಟ್ಟಿ ದಾಟಿ ಬಂದಿರಬೇಕು, ಕೋಣೆ ಪೂರ್ತಿ ಗುಂಡಿ ಒತ್ತುವುದನ್ನು ನಿಲ್ಲಿಸಿತು.

“ಅಮೆ-ಚಾನ್ ಇದೆಯಾ, ಚಿಜುರು-ಸಾನ್?”

ಚೀಲದಲ್ಲಿ ಎರಡಿದ್ದವು. ತಾನಿಮೊತೊ-ಸಾನ್ ನೋಡುತ್ತಿದ್ದರು. “ಖಾಲಿ ಆಗಿದೆ,” ಎಂದೆ.

“ಹೌದಾ.” ಅವಳು ನಕ್ಕಳು, ಆ ನಗು ಚೆನ್ನಾಗಿರಲಿಲ್ಲ. “ಮುದ್ರೆ ಒತ್ತಿದ್ರಂತೆ. ನೆಟ್ಟಗೆ ಒತ್ತಿದ್ರಾ, ವಾಲಿಸಿ ಒತ್ತಿದ್ರಾ?”

ನಾನು ಪರದೆ ನೋಡುತ್ತಾ ಕೂತೆ. ಪರದೆಯಲ್ಲಿ ಏನಿತ್ತೋ ನೆನಪಿಲ್ಲ. ಅವಳು ಬಗ್ಗಿ ನನ್ನ ಕಿವಿಯ ಹತ್ತಿರ, ಬೇರೆ ಯಾರಿಗೂ ಕೇಳದಂತೆ ಹೇಳಿದಳು.

“ಚಿಜುರು-ಸಾನ್, ಕೆಸರು.”

ಸ್ವಲ್ಪ ತಡೆದು, “ಕಣ್ಣು ತೋರಿಸ್ಕೊಳ್ಳಿ,” ಎಂದಳು.

ಬಾಗಿಲು ತೆರೆದು ಮುಚ್ಚಿದ ಸದ್ದು ಕೇಳಿದ ಮೇಲೇ ನಾನು ತಲೆ ಎತ್ತಿದ್ದು. ಅವಳು ಬೇರೆಯವರಿಗೂ ಹೇಳಿದ್ದಾಳೆಯೇ? ಅದೊಂದೇ ಯೋಚನೆ ರೈಲಿನುದ್ದಕ್ಕೂ. ಇಳಿಯುವಾಗ ಇನ್ನೊಂದು ಯೋಚನೆ ಬಂದು ಅಳು ಬಂತು. ಅದನ್ನು ಇಲ್ಲಿ ಬರೆಯುವುದಿಲ್ಲ.

ಅಕ್ಟೋಬರ್ 19, ಶನಿವಾರ

ಶಿಕೊಕುವಿನ ಅಕ್ಕನ ಮನೆಗೆ ಹೋಗುತ್ತೇನೆಂದು ರಜೆ ಹಾಕಿ ನಿನ್ನೆ ಬಲಗಣ್ಣಿನ ಪೊರೆ ತೆಗೆಸಿದೆ. ಎಡಗಣ್ಣು ಬುಧವಾರ.

ಇವತ್ತು ಕಟ್ಟು ಬಿಚ್ಚಿದಾಗ ವೈದ್ಯೆಯ ಅಂಗಿ ಕಣ್ಣಿಗೆ ಹೊಡೆಯಿತು. ಬಿಳಿ ಎಂದರೆ ಇಷ್ಟು ಬಿಳಿಯೇ. ಮನೆಗೆ ಬಂದು ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ, ಮತ್ತೆ ಇದನ್ನು ಮುಚ್ಚಿ ಅದರಲ್ಲಿ, ಮಕ್ಕಳ ಹಾಗೆ ಆಡಿದೆ. ಬಲಗಣ್ಣಿಗೆ ಗೋಡೆ ಬಿಳಿ, ಎಡಗಣ್ಣಿಗೆ ಹಳೆಯ ಪತ್ರಿಕೆ. ಬಲಕ್ಕೆ ನನ್ನ ಚಹಾದ ಲೋಟ ನೀಲಿ, ಎಡಕ್ಕೆ ಬೂದು.

ಆ ಕಂತನ್ನು ಹಾಕಿ ನೋಡಿದೆ. ಅಜ್ಜಿ ನಗುನಗುತ್ತಾ ಮದುಮಗಳ ಕೈಗೆ ಲಕೋಟೆ ಕೊಡುತ್ತಾಳೆ. ಹಳದಿ, ಬಿಳಿ. ಎಡಗಣ್ಣಿನಲ್ಲಿ ನೋಡಿದೆ, ಮದುವೆ. ಬಲಗಣ್ಣಿನಲ್ಲಿ ನೋಡಿದೆ, ಸಾವು. ನಿಲ್ಲಿಸಿಬಿಟ್ಟೆ.

ಅಕ್ಟೋಬರ್ 28, ಸೋಮವಾರ

ಎರಡು ಕಣ್ಣೂ ಮುಗಿಸಿ, ವೈದ್ಯೆ ಹೇಳಿದ ಎರಡು ವಾರ ಕಾಯದೆ ಕಚೇರಿಗೆ ಹೋದೆ. ಅಕ್ಕ ಹೇಗಿದ್ದಾಳೆ ಎಂದು ಕೇಳಿದರು. ಚೆನ್ನಾಗಿದ್ದಾಳೆ ಎಂದೆ. ನನಗೆ ಅಕ್ಕನೇ ಇಲ್ಲ.

ಬಾಗಿಲಲ್ಲೇ ಕಾಲು ನಿಂತಿತು. ನೆಲದ ಮೇಲೆ, ಈ ಗೋಡೆಯಿಂದ ಆ ಗೋಡೆಗೆ, ಅಂಗೈ ಅಗಲದ ಹಳದಿ. ಕೂಗಿ ಕರೆಯುವಂಥ ಹಳದಿ. ಏಳು ತಿಂಗಳು ಇದನ್ನು ತುಳಿದುಕೊಂಡು ಓಡಾಡಿದ್ದೆನಲ್ಲ, ಎಲ್ಲರೂ ನೋಡುತ್ತಿದ್ದರಲ್ಲ ಎಂದು ನೆನೆದು ಬೆವರಿದೆ. ಗೋಡೆಯ ಅಂಚು ಹಿಡಿದು ಸುತ್ತಿ ನನ್ನ ಮೇಜಿಗೆ ಹೋದೆ.

ಎಲ್ಲರೂ ಊಟಕ್ಕೆ ಹೋದಾಗ ಬಿಲ್ಲೆಗಳ ಪೆಟ್ಟಿಗೆ ತೆಗೆದೆ. ಬೆಳ್ಳಿಯ ಬಿಲ್ಲೆಯ ಬೆನ್ನಿನಲ್ಲಿ ಉಜ್ಜಿದ ಗುರುತು ಇನ್ನೂ ಇತ್ತು. ಬೇರೆಯವನ್ನೂ ತಿರುಗಿಸಿದೆ. ‘ನೀಲಿ, ಬೂದು ಅಲ್ಲ.’ ‘ನೇರಳೆ, ನಿಮಗೆ ಕಂದು ಕಾಣಬಹುದು.’ ನೂರ ಹನ್ನೆರಡು ಬಿಲ್ಲೆಗೂ ಬರೆದಿದ್ದಳು. ಇನೊಮತಳ ಅಕ್ಷರ. ಜೂನ್‌ನಲ್ಲೂ ನನಗೆ ಗೊತ್ತಿತ್ತು ಅನ್ನಿಸುತ್ತದೆ. ಮಾತಾಡುವ ಹಾಗಿರಲಿಲ್ಲ, ಅದಕ್ಕೇ ಬರೆದಳು. ಹಳದಿಯ ಬಿಲ್ಲೆಯ ಹಿಂದೆ ಹೀಗಿತ್ತು: ‘ನೆಲದ ಪಟ್ಟಿ ಈ ಬಣ್ಣ. ಯಾರಾದರೂ ನೋಡುವಾಗ ದಾಟಬೇಡಿ.’

ಊಟ ಮುಗಿಸಿ ಎಲ್ಲರೂ ಬರುವವರೆಗೂ ಅದು ನನ್ನ ಕೈಯಲ್ಲೇ ಇತ್ತು. ಎದ್ದು ತಾನಿಮೊತೊ-ಸಾನ್ ಮೇಜಿಗೆ ಹೋದೆ. ಹೇಳಿಬಿಡಬೇಕೆಂದೇ ಹೋದೆ. ಅವರು ತಲೆ ಎತ್ತಿ “ಏನಾದ್ರೂ ಬೇಕಿತ್ತಾ?” ಎಂದರು. ಅವರ ಮುಖದ ತುಂಬ ಸುಕ್ಕುಗಳು, ಮೊದಲು ಕಂಡಿರಲಿಲ್ಲ. ಅವರೂ ಹೆದರಿದ್ದರು.

“ಟ್ಯಾಗು ಹಳೇದಾಗಿದೆ. ಹೊಸದು ಬೇಕಿತ್ತು,” ಎಂದೆ.

ತಕ್ಷಣ ತೆಗೆದುಕೊಟ್ಟರು. ಒಳ್ಳೆಯ ನೀಲಿ. ಅಗ್ಗದ್ದೇನಲ್ಲ. ಬಿಲ್ಲೆಗಳ ಬರಹವನ್ನೆಲ್ಲ ಸಂಜೆಯೊಳಗೆ ಉಜ್ಜಿ ಮುಗಿಸಿದೆ, ಬೇರೆ ಯಾರಾದರೂ ಕಂಡರೆ ಸುಮ್ಮನೆ ಪ್ರಶ್ನೆ ಏಳುತ್ತದೆ.

ನವೆಂಬರ್ 13, ಬುಧವಾರ

ಪಕ್ಕದ ಮೇಜಿಗೆ ಬಂದ ಗುತ್ತಿಗೆ-ಸಾನ್ ಚೆನ್ನಾಗಿ ಕೆಲಸ ಮಾಡುತ್ತಾರೆ. ವಯಸ್ಸು ಇಪ್ಪತ್ತೈದಿರಬಹುದು. ಬೆಳಿಗ್ಗೆ ನನ್ನ ಹಿಂದೆ ಹಾದುಹೋಗುವಾಗ ನನ್ನ ಪರದೆ ನೋಡಿ ಒಂದು ಕ್ಷಣ ನಿಂತರು. ಏನೋ ಹೇಳಲು ಬಾಯಿ ತೆರೆದಂತೆ ಕಂಡಿತು. ಆಮೇಲೆ ನೆಲ ನೋಡಿ ಹೊರಟುಹೋದರು. ಏನು ಕಂಡಿತೋ ಅವರಿಗೆ. ಮೂರು ಸಲ ಮೊದಲಿನಿಂದ ನೋಡಿದೆ. ಕಣ್ಣು ಚೆನ್ನಾಗಿದೆ, ಎಲ್ಲ ಸರಿಯಾಗಿಯೇ ಇದೆ. ಆದರೂ ಆ ಚಿತ್ರವನ್ನು ದಾಟಿ ಮುಂದಕ್ಕೆ ಹೋಗಲು ಕೈ ಬರುತ್ತಿಲ್ಲ.

ಮಧ್ಯಾಹ್ನದಿಂದ ಅವರಿಗೆ ಒಂದೇ ಸಮ ಕೆಮ್ಮು. ಕೈ ತಾನಾಗಿ ಚೀಲಕ್ಕೆ ಹೋಯಿತು. ತಳದಲ್ಲಿ ಎರಡು ಅಮೆ-ಚಾನ್ ಇದ್ದವು, ಹಳೆಯವು, ಕಾಗದಕ್ಕೆ ಅಂಟಿಕೊಂಡಿದ್ದವು. ಒಂದನ್ನು ಹಿಡಿದು ಎದ್ದೆ. ಪಟ್ಟಿ ಸ್ಪಷ್ಟವಾಗಿ ಕಾಣುತ್ತಿತ್ತು. ಕೂತುಕೊಂಡೆ. ಮಿಠಾಯಿಯನ್ನು ನಾನೇ ಬಾಯಿಗೆ ಹಾಕಿಕೊಂಡೆ.

ಕೆಮ್ಮು ನಿಲ್ಲಲಿಲ್ಲ. ಕೇಳಿಕೊಂಡು ಸುಮ್ಮನಿರುವುದು ಮನುಷ್ಯರ ಲಕ್ಷಣವಲ್ಲ. ಹಿರುಕಾವ-ಸಾನ್‌ಗೆ ಬರೆದು ಕಳಿಸಿದೆ: ‘ಮೂರನೆಯ ಮೇಜಿನ ಗುತ್ತಿಗೆ-ಸಾನ್‌ಗೆ ಕೆಮ್ಮು ಇದೆ. ನೀರು ಕುಡಿಯುವಂತೆ ದಯವಿಟ್ಟು ತಿಳಿಸಿ.’ ಹೆಸರು ಬರೆಯಬೇಕಾಗಲಿಲ್ಲ. ನನಗೆ ಗೊತ್ತೂ ಇಲ್ಲ.

ತಿಳಿಸುತ್ತೇನೆ ಎಂದು ಕೂಡಲೇ ಉತ್ತರ ಬಂತು. ಮನಸ್ಸಿಗೆ ಸ್ವಲ್ಪ ಹಗುರವಾಯಿತು. ಹಿರುಕಾವ-ಸಾನ್ ಬರುವುದು ಶುಕ್ರವಾರ.